ಹೈ ಸ್ಟಾಲ್ ಕನ್ವರ್ಟರ್ ಎಲ್ಲ ಗಾಡಿಗೂ ಅಲ್ಲ

ಸಂಪಾದಕರಿಗೆ ನಮಸ್ಕಾರ,

ನಮ್ಮ ದಾವಣಗೆರೆ, ದುರ್ಗದ ಕಡೆ ಆಟೋಮ್ಯಾಟಿಕ್ ಡೀಸೆಲ್ ಗಾಡಿ ಜಾಸ್ತಿ ಆಗ್ಯಾವೆ, ಜೊತೆಗೆ ಇಂಜಿನ್ ರೀಮ್ಯಾಪ್ (ಇಂಜಿನ್ ಕಂಪ್ಯೂಟರ್ ಸೆಟ್ಟಿಂಗ್ ಬದ್ಲಾಯಿಸಿ ಪವರ್ ಏರ್ಸೋದು) ಮಾಡ್ಸೋ ಹುಚ್ಚೂ ಬಂದೈತೆ. ರೀಮ್ಯಾಪ್ ಆದ್ಮೇಲೆ ಗೇರ್‌ಬಾಕ್ಸ್ ಸ್ಲಿಪ್ ಹೊಡಿಯೋಕೆ ಶುರುವಾದ್ರೆ ಯಾರೋ ಒಬ್ರು 'ಹೈ ಸ್ಟಾಲ್ ಟಾರ್ಕ್ ಕನ್ವರ್ಟರ್ ಹಾಕ್ಸಣ್ಣ, ಪಿಕಪ್ ಕಿತ್ಕೊಂಡು ಬರುತ್ತೆ' ಅಂತಾರೆ. ಟಾರ್ಕ್ ಕನ್ವರ್ಟರ್ ಅಂದ್ರೆ ಇಂಜಿನ್ ಟಾರ್ಕನ್ನ (ತಿರುಗಿಸೋ ಬಲ) ಆಯಿಲ್ ಮೂಲಕ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ದಾಟಿಸೋ ಭಾಗ. ಭಾರದ ಡೀಸೆಲ್ ಗಾಡಿಗೆ ಈ ಸಲಹೆ ಉಲ್ಟಾ.

ಬ್ರೇಕ್ ಒತ್ಕೊಂಡು ಡ್ರೈವ್‌ನಲ್ಲಿ ಆಕ್ಸಲರೇಟರ್ ಪೂರ್ತಿ ತುಳಿದ್ರೆ ಇಂಜಿನ್ ಎಷ್ಟು ಆರ್‌ಪಿಎಂಗೆ ಹೋಗಿ ನಿಲ್ಲುತ್ತೋ ಅದೇ ಸ್ಟಾಲ್ ಸ್ಪೀಡ್ (ಮನೆ ಮುಂದೆ ಟ್ರೈ ಮಾಡ್ಬೇಡ್ರಿ ಮತ್ತೆ, ಕೆಲವೇ ಸೆಕೆಂಡಲ್ಲಿ ಆಯಿಲ್ ಕಾದು ಹಾಳಾಗುತ್ತೆ). ಇದು ಕನ್ವರ್ಟರ್‌ಗೆ ಅಂಟ್ಕೊಂಡಿರೋ ನಂಬರ್ ಅಲ್ಲ. ಅದೇ ಪೀಸನ್ನ ಟಾರ್ಕ್ ಕಮ್ಮಿ ಇರೋ ಇಂಜಿನ್‌ಗೆ ಹಾಕಿದ್ರೆ ಕೆಳಗೇ ನಿಲ್ಲುತ್ತೆ, ಟಾರ್ಕ್ ಜಾಸ್ತಿ ಇರೋದಕ್ಕೆ ಹಾಕಿದ್ರೆ ಮೇಲಕ್ಕೆ ಹೋಗುತ್ತೆ. ಡಬ್ಬಿ ಮೇಲೆ 2800 ಅಂತ ಇದ್ರೆ ಯಾವ ಇಂಜಿನ್‌ಗೆ ಅಳೆದಿದ್ದು ಅಂತ ಮೊದ್ಲು ಕೇಳ್ರಿ.

ದೊಡ್ಡ ಟರ್ಬೊ ಕೂರಿಸಿರೋ ಪೆಟ್ರೋಲ್ ಗಾಡಿ ಮಾತು ಬೇರೆ, ಅದ್ರಲ್ಲಿ ಬೂಸ್ಟ್ (ಟರ್ಬೊ ತಳ್ಳೋ ಗಾಳಿ ಒತ್ತಡ) ಬರೋದೇ ಲೇಟು, ಅಲ್ಲಿಗೆ ಇಂಜಿನ್ ಬೇಗ ಏರ್ಲಿ ಅಂತ ಲೂಸ್, ಅಂದ್ರೆ ಹೈ ಸ್ಟಾಲ್ ಕನ್ವರ್ಟರ್ ಬೇಕಾಗುತ್ತೆ. ಆದ್ರೆ 2.8 ಫಾರ್ಚೂನರ್ ಆಟೋಮ್ಯಾಟಿಕ್ ತಗೊಳ್ರಿ, 500 ಎನ್‌ಎಂ ಟಾರ್ಕ್ 1600 ಆರ್‌ಪಿಎಂಗೇ ಸಿಕ್ಬಿಡುತ್ತೆ, ಗಾಡಿ ತೂಕ ಎರಡು ಟನ್ ಮೇಲೆ. ನಿಂತಲ್ಲಿಂದ ಎಳೆಯುವಾಗ ಕನ್ವರ್ಟರ್ ಆ ಟಾರ್ಕನ್ನ ಹತ್ರಹತ್ರ ಎರಡು ಪಟ್ಟು ಮಾಡಿ ಕೊಡ್ತಾನೇ ಇರುತ್ತೆ, ಇನ್ನು 3000ಕ್ಕೆ ಏರ್ಸಿ ಸಿಗೋದಾದ್ರೂ ಏನು? ಸಿಗೋದು ಬಿಸಿ. ಇಂಜಿನ್ ತಿರುಗಿದ್ದು ಚಕ್ರಕ್ಕೆ ಹೋಗ್ದೆ ಆಯಿಲ್ ಒಳಗೇ ಕರಗುತ್ತೆ, ತೂಕ ಜಾಸ್ತಿ ಆದಷ್ಟೂ ಆ ಸ್ಲಿಪ್ ಹೊತ್ತೂ ಜಾಸ್ತಿ, ಏಪ್ರಿಲ್ ಬಿಸಿಲಲ್ಲಿ ಏಳು ಜನ ತುಂಬ್ಕೊಂಡು ಜೋಗಿಮಟ್ಟಿ ಏರು ಹತ್ತಿಸಿದ್ರೆ ಗೇರ್‌ಬಾಕ್ಸ್ ಆಯಿಲ್ ಕಥೆ ಏನಾಗುತ್ತೆ ನೀವೇ ಲೆಕ್ಕ ಹಾಕ್ರಿ. ದಪ್ಪ ಟೈರ್ ಹಾಕ್ಸಿದ್ರಂತೂ ಇನ್ನೂ ಕಷ್ಟ, ಎತ್ತರ ಆದಷ್ಟು ಗೇರಿಂಗ್ ಉದ್ದ ಆಗಿ ಎಳೆಯೋದು ಭಾರ ಆಗುತ್ತೆ.

ಹಂಗಾಗಿ ಇಂಥ ಗಾಡಿಗೆ ಸ್ಟಾಲ್ ಕಂಪನಿದಕ್ಕೆ ಹತ್ರಾನೇ ಇರ್ಲಿ, ದುಡ್ಡನ್ನ ಲಾಕ್‌ಅಪ್ ಕ್ಲಚ್‌ಗೆ (ಸ್ಪೀಡ್ ಹಿಡಿದ್ಮೇಲೆ ಸ್ಲಿಪ್ ಆಗ್ದಂಗೆ ಇಂಜಿನ್ನನ್ನ ಗೇರ್‌ಬಾಕ್ಸ್‌ಗೆ ನೇರ ಜೋಡಿಸೋ, ಕನ್ವರ್ಟರ್ ಒಳಗಿನ ಕ್ಲಚ್) ಹಾಕ್ರಿ. ಹೈವೇ ಮೇಲೆ ಲಾಕ್ ಆದ್ಮೇಲೆ ಏರ್ಸಿದ ಟಾರ್ಕನ್ನೆಲ್ಲ ಆ ಕ್ಲಚ್ ಲೈನಿಂಗೇ ಹಿಡ್ಕೋಬೇಕು, ಒಂದೇ ಪ್ಲೇಟ್ ಇದ್ರೆ ರೀಮ್ಯಾಪ್ ಆದ ಗಾಡೀಲಿ ಅಲ್ಲೇ ಮೊದ್ಲು ಜಾರೋದು. ಮಲ್ಟಿ ಪ್ಲೇಟ್ ಸಿಗುತ್ತೆ, ರೇಟ್ ಜಾಸ್ತಿ, ಆದ್ರೂ ಅದೇ ಸರಿ. ಕನ್ವರ್ಟರ್ ಒಳಗಿನ ಫಿನ್‌ಗಳು ಬ್ರೇಜ್ ಮಾಡಿರೋವು (ಬೇರೆ ಲೋಹ ಕರಗಿಸಿ ಬೆಸೆದಿರೋವು) ಇರ್ಲಿ. ಗೇರ್‌ಬಾಕ್ಸ್‌ಗೇ ಅಂತ ಬೇರೆ ಆಯಿಲ್ ಕೂಲರ್ ಕೂಡ ಬೇಕೇ ಬೇಕು.

ಹಳೇ ಕನ್ವರ್ಟರ್ ಸುಟ್ಟು ಹೋಗಿದ್ರೆ ಅದ್ರ ಪುಡಿ ಕೂಲರ್ ಪೈಪಲ್ಲಿ ಕೂತಿರುತ್ತೆ. ಪೈಪ್ ಫ್ಲಶ್ ಮಾಡಿ, ಕೂಲರ್ ಕ್ಲೀನ್ ಆಗ್ದಿದ್ರೆ ಬದ್ಲಾಯಿಸ್ಬೇಕು, ಇದನ್ನ ಬಿಟ್ಟು ಹೊಸದು ಕೂರಿಸಿದ್ರೆ ಅದನ್ನೂ ತಿಂದಾಕುತ್ತೆ.

ಗ್ಯಾರೇಜ್‌ನವ್ರಿಗೂ ಒಂದು ಮಾತು, ಕನ್ವರ್ಟರ್ ಮಾರುವಾಗ ಎಷ್ಟು ಟಾರ್ಕ್‌ಗೆ ಎಷ್ಟು ಸ್ಟಾಲ್ ಅಂತ ಬಿಲ್ ಮೇಲೇ ಬರ್ದು ಕೊಡ್ರಿ.

ಒಬ್ಬ ಓದುಗ, ಪಿ.ಬಿ. ರಸ್ತೆ, ದಾವಣಗೆರೆ