ಸೇತುವೆಯ ಬುಡವನ್ನೂ ನೋಡಿ

ಮಾನ್ಯ ಸಂಪಾದಕರೇ,

ನಮ್ಮ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದದ್ದು 2024ರ ಆಗಸ್ಟ್ 7ರ ನಡುರಾತ್ರಿ. ಗೋವಾ ಕಡೆಯಿಂದ ಬರುತ್ತಿದ್ದ ಲಾರಿಯೊಂದು ನದಿಗೆ ಬಿತ್ತು. ಮೀನುಗಾರರು, ಪೊಲೀಸರು ಸೇರಿ ಚಾಲಕನನ್ನು ಉಳಿಸಿದರು. ಸೇತುವೆಗೆ ಆಗ 41 ವರ್ಷ. ‘ಹಳೇದಾಗಿತ್ತು, ಬಿತ್ತು’ ಎನ್ನುವವರು ಊರಲ್ಲಿ ಈಗಲೂ ಇದ್ದಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಇದೇ ರಾಷ್ಟ್ರೀಯ ಹೆದ್ದಾರಿ 66ರ ಇನ್ನೊಂದು ಸೇತುವೆಯ ಕಥೆ ಕೇಳಿದರೆ ಯಾಕೆಂದು ಗೊತ್ತಾಗುತ್ತದೆ.

ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್‌ನಲ್ಲಿ ಸಾವಿತ್ರಿ ನದಿಗೆ ಬ್ರಿಟಿಷರ ಕಾಲದಲ್ಲಿ, 1928ರಲ್ಲಿ, ಕಲ್ಲಿನ ಕಮಾನು ಸೇತುವೆ ಕಟ್ಟಿದ್ದರು. ಮುಂದೆ ಪಕ್ಕದಲ್ಲೇ ಹೊಸ ಸೇತುವೆ ಬಂತು. ಹಳೆಯದನ್ನು ಬಿಡಲಿಲ್ಲ, ಮುಂಬೈ ಕಡೆ ಹೋಗುವ ವಾಹನಗಳಿಗೆ ಇಟ್ಟುಕೊಂಡರು. ನಮ್ಮಲ್ಲೂ ಹಾಗೇ ಇತ್ತು ಅಲ್ವಾ? ಗೋವಾಕ್ಕೆ ಹೋಗಲು ಹೊಸದು, ಬರಲು ಹಳೆಯದು. 2016ರ ಆಗಸ್ಟ್ 2ರ ರಾತ್ರಿ ಸಾವಿತ್ರಿ ಉಕ್ಕಿ ಹರಿದಾಗ ಆ ಸೇತುವೆ ಕೊಚ್ಚಿಹೋಯಿತು. ಎರಡು ಸರ್ಕಾರಿ ಬಸ್ಸುಗಳು ಪ್ರಯಾಣಿಕರ ಸಮೇತ ನೀರುಪಾಲಾದವು. ಅದೇ ವರ್ಷದ ಮೇ ತಿಂಗಳಲ್ಲಿ ತಪಾಸಣೆ ನಡೆದು, ಅಪಾಯವಿಲ್ಲ ಎಂದು ಹೇಳಿಯೂ ಆಗಿತ್ತು!

ಆ ಸೇತುವೆ 88 ವರ್ಷ ನಿಂತಿತ್ತು. ಕಮಾನಿನ ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ಒಳಗೆ ಕಬ್ಬಿಣವಿಲ್ಲ, ತುಕ್ಕಿನ ಭಯವೂ ಇಲ್ಲ. ಅಂಥ ಸೇತುವೆಗೆ ಕಂಟಕ ಬರುವುದು ಜಾಸ್ತಿ ಬುಡದಿಂದಲೇ. ನೆರೆ ನೀರು ಕಂಬದ ಕೆಳಗಿನ ಮಣ್ಣು, ಮರಳನ್ನು ಕೊರೆಯುತ್ತದೆ. ಒಂದು ಕಂಬ ಜರುಗಿದರೂ ಅಕ್ಕಪಕ್ಕದ ಕಮಾನುಗಳು ಉಳಿಯುವುದಿಲ್ಲ. ಮೇ ತಿಂಗಳಲ್ಲಿ ರಸ್ತೆ ಮೇಲೆ ನಿಂತು ನೋಡಿದರೆ ಇದು ಕಾಣುತ್ತದೆಯೇ?

ನಮ್ಮ ಕರಾವಳಿಯ ಸೇತುವೆಗಳ ಪಾಡು ಇನ್ನೂ ಕಷ್ಟ. ಭರತ, ಅಂದರೆ ಸಮುದ್ರದ ಉಬ್ಬರ, ಬಂದಾಗಲೆಲ್ಲ ಉಪ್ಪುನೀರು ನದಿ ಸಮುದ್ರ ಸೇರುವ ಅಳಿವೆಯ ಒಳಗೆ ಬರುತ್ತದೆ. ಉಪ್ಪು ಕಾಂಕ್ರೀಟಿನೊಳಗೆ ಇಳಿದರೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಮೇಲಿನ ಸಿಮೆಂಟು ಬಿರಿದು ಉದುರುತ್ತದೆ. ಮಳೆಗಾಲದಲ್ಲಿ ಕದ್ರಾ ಡ್ಯಾಮಿನಿಂದ ನೀರು ಬಿಟ್ಟರಂತೂ ಕಾಳಿಯ ರಭಸ ಹೇಳತೀರದು.

ಘಟ್ಟದ ರಸ್ತೆಗಳ ಹಳೆ ಕಲ್ಲಿನ ಮೋರಿಗಳನ್ನು ಒಮ್ಮೆ ಇಳಿದು ನೋಡಿ. ನಾನು ನೋಡಿದ ಒಂದರಲ್ಲಿ ಕಲ್ಲುಗಳ ಸಂದಿನಿಂದ ಗೋಳಿ (ಆಲದ) ಸಸಿ ಎದ್ದಿದೆ. ಬೇರು ಹೆಬ್ಬೆರಳಿನಷ್ಟು ದಪ್ಪ. ಉಗುರಿನಿಂದ ಕೆರೆದರೆ ಗಾರೆ ಪುಡಿಯಾಗಿ ಬೀಳುತ್ತದೆ. ಮೇಲೆ ಕಟ್ಟೆಗೆ ಮಾತ್ರ ಹಳದಿ-ಕಪ್ಪು ಬಣ್ಣ ಹೊಸದಾಗಿ ಬಳಿದಿದ್ದಾರೆ. ಒಂದು ಕತ್ತಿ, ಒಂದು ಬುಟ್ಟಿ ಗಾರೆಯ ಕೆಲಸ ಅದು. ಹೀಗೇ ಬಿಟ್ಟರೆ ಬೇರು ಕಲ್ಲನ್ನೇ ಕೀಳುತ್ತದೆ.

ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ಇಷ್ಟೇ. ಮಳೆಗಾಲಕ್ಕೆ ಮೊದಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಮುಳುಗುಗಾರರನ್ನು ಇಳಿಸಿ ಕಾಳಿಯ ಹೊಸ ಸೇತುವೆಯ ಕಂಬಗಳ ಬುಡ ನೋಡಿಸಿ. ಸೇತುವೆಯ ಎರಡೂ ತುದಿಗೆ ಬೋರ್ಡ್ ಹಾಕಿ. ಕಟ್ಟಿದ ವರ್ಷ, ಎಷ್ಟು ಭಾರದ ವಾಹನ ಹೋಗಬಹುದು, ಕೊನೆಯ ತಪಾಸಣೆ ಯಾವಾಗ, ನೀರಿನೊಳಗೆ ಇಳಿದು ನೋಡಿದ್ದಾರೋ ಇಲ್ಲವೋ, ಎಲ್ಲವೂ ಅದರಲ್ಲಿರಲಿ. ದಿನಾ ಮಕ್ಕಳನ್ನು ಬೈಕಿನಲ್ಲಿ ಕೂರಿಸಿಕೊಂಡು ದಾಟುವವರಿಗೆ ಇಷ್ಟಾದರೂ ಗೊತ್ತಿರಬೇಕು. ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಸೇತುವೆಗಳಿಗೂ ಇದೇ ಕ್ರಮ ಬರಲಿ. ತಪಾಸಣೆ ವರದಿ ಬಂದರೆ ದಯವಿಟ್ಟು ನಿಮ್ಮ ಪತ್ರಿಕೆಯಲ್ಲಿ ಪೂರ್ತಿ ಪ್ರಕಟಿಸಿ.

ಇಂತಿ,
ನಿಮ್ಮ ಓದುಗ
ಕೋಡಿಬಾಗ, ಕಾರವಾರ