ಶಾಸಕರಿಗೆ ಪತ್ರ: ಶನಿವಾರ ರಾತ್ರಿಯೊಳಗೆ ನಿಮ್ಮ ಸಾಲು ಕಳಿಸಿ

ಎಲ್ಲರಿಗೂ ನಮಸ್ಕಾರ.

ಚುನಾವಣೆಯಲ್ಲಿ ಕೊಟ್ಟ ಮಾತು ಮುರಿದಿದ್ದೇಕೆ ಅಂತ ಕೇಳಿ ನಮ್ಮ ಶಾಸಕರಿಗೆ ಬರೆಯುತ್ತಿರುವ ಪತ್ರವನ್ನು ಭಾನುವಾರ ಬೆಳಿಗ್ಗೆ 11ಕ್ಕೆ ಕಳಿಸುತ್ತೇವೆ. ಕ್ಷೇತ್ರದ ಮತದಾರರು ಯಾರೇ ಆಗಲಿ ಸೇರಬಹುದು, ಓಟು ಯಾರಿಗೆ ಹಾಕಿದ್ದರೂ ಸರಿ.

ಅವರು ಪಕ್ಷ ಬಿಟ್ಟಿಲ್ಲವಲ್ಲ, ಮತ್ಯಾಕೆ ದೂರು ಅಂತ ಕೆಲವರು ಕೇಳಿದ್ದೀರಿ. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನು ಹಿಡಿಯುವುದು ಪಕ್ಷ ಬಿಟ್ಟವರನ್ನು, ವಿಪ್ (ಸದನದಲ್ಲಿ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ) ಮೀರಿದವರನ್ನು. ಪಕ್ಷದೊಳಗೇ ಕೂತು ತತ್ವ ಬಿಟ್ಟವರಿಗೆ ಅದು ಅನ್ವಯಿಸುವುದಿಲ್ಲ. ಶಾಸಕರನ್ನು ವಾಪಸ್ ಕರೆಸುವ ಹಕ್ಕೂ ನಮಗಿಲ್ಲ. ಹಾಗಾದರೆ ಕೇಳಬೇಕಾದವರು ನಾವೇ ಅಲ್ವಾ?

ಅವರು ಮನೆ ಬಾಗಿಲಿಗೆ ಬಂದು ಕೊಟ್ಟ ಕರಪತ್ರ ಇನ್ನೂ ನನ್ನ ಹತ್ತಿರ ಇದೆ. ಕೆರೆ ಜಾಗ ಬಿಟ್ಟುಕೊಡುವುದಿಲ್ಲ ಎಂಬ ಸಾಲಿಗೆ ಅವತ್ತೇ ಪೆನ್ಸಿಲ್ ಗೆರೆ ಎಳೆದಿದ್ದೆ. ಈಗ ಅದೇ ಜಾಗ ಕೊಡಲು ಅವರು ಒಪ್ಪಿದ್ದಾರೆ. ತುಂಬಾ ನೋವಾಯಿತು.

ಪಕ್ಷದ ಪ್ರಣಾಳಿಕೆ ತೆಗೆದು, ಅವರು ಮುರಿದ ಒಂದೇ ಒಂದು ಮಾತು ಆರಿಸಿ. ಪುಟ ಸಂಖ್ಯೆ ಬರೆಯಿರಿ. ಅವರು ಮಾಡಿದ್ದೇನು ಅಂತ ಎರಡು ಸಾಲು ಸೇರಿಸಿ, ಶನಿವಾರ ರಾತ್ರಿ 9ರೊಳಗೆ ಇಲ್ಲೇ ಹಾಕಿ. ಬೈಗುಳ, ಸುಮ್ನೆ ಬಂದ ಫಾರ್ವರ್ಡ್‌ಗಳು ಬೇಡ. ಒಂದು ಕೆಟ್ಟ ಮಾತಿದ್ದರೂ ಪತ್ರ ಮೂಲೆ ಸೇರುತ್ತದೆ.

ಸಹಿ ಹಾಕುವವರು ಇದಕ್ಕೆ ‘ಸಹಿ’ ಅಂತ ಉತ್ತರಿಸಿ.