ಬೆಸೆಯುವ ಟೇಬಲ್‌ಗೆ ಕೀ ಯಾವುದು?

ಮಡಿಕೇರಿ

ಚಿ. ಕಾವೇರಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಡೇಟಾಬೇಸ್ ನಕ್ಷೆ ನೋಡಿದೆ. ಮಾಲೀಕರಿಗೊಂದು ಟೇಬಲ್, ಜಮೀನಿಗೊಂದು, ಎರಡನ್ನೂ ಬೆಸೆಯಲು ‘ಮಾಲೀಕ_ಜಮೀನು’. ನಮ್ಮ ಕಡೆ ಜಮ್ಮಾ ಜಾಗದ (ತಲೆಮಾರುಗಳಿಂದ ಬಂದ ಜಮೀನಿನ) ಪಹಣಿ ತೆರೆದರೆ ಒಕ್ಕದವರ (ಒಂದೇ ಮನೆತನದವರ) ಹೆಸರುಗಳು ಸಾಲುಗಟ್ಟಿರುತ್ತವೆ, ಒಬ್ಬೊಬ್ಬರಿಗೆ ಎರಡು ಮೂರು ಕಡೆ ತೋಟ. ಹಾಗಾಗಿ ಮೂರನೆಯ ಟೇಬಲ್ ಬೇಕೇ ಬೇಕು. ಆದರೆ ಅದಕ್ಕೆ ತಾನಾಗಿ ಏರುವ ಐಡಿಯೊಂದನ್ನೇ ಪ್ರೈಮರಿ ಕೀ (ಪ್ರತಿ ಸಾಲಿನ ಮರುಕಳಿಸದ ಗುರುತು) ಮಾಡಿ ಸುಮ್ಮನಾಗಿದ್ದೀಯ. ಎಡವಿದ್ದು ಅಲ್ಲೇ.

ಮಳೆಗಾಲದಲ್ಲಿ ನೆಟ್‌ವರ್ಕ್ ತಡವರಿಸುವಾಗ ಯಾರೋ ಸೇವ್ ಬಟನ್ ಎರಡು ಸಲ ಒತ್ತಿದರು ಅಂದುಕೋ. ಮಾಲೀಕ 7, ಜಮೀನು 42 ಎಂಬ ಜೋಡಿ ಐಡಿ 118ರಲ್ಲೂ ಕೂರುತ್ತದೆ, 119ರಲ್ಲೂ ಕೂರುತ್ತದೆ. ಐಡಿ ಬೇರೆಯಾದ್ದರಿಂದ ಡೇಟಾಬೇಸ್ ತಕರಾರು ಎತ್ತುವುದಿಲ್ಲ. ಟೇಬಲ್‌ಗಳನ್ನು ಜಾಯಿನ್ ಮಾಡಿ (ಬೆಸೆದು) ಎಕರೆ ಕೂಡಿದರೆ 5 ಎಕರೆ ತೋಟ 10 ಎಕರೆ! ಆಗ ಮೊತ್ತ ಹಾಕುವ ಸಮ್ ಒಳಗೆ, ಒಂದೇ ಅಂಕಿಯನ್ನು ಒಮ್ಮೆ ಮಾತ್ರ ಎಣಿಸುವ ಡಿಸ್ಟಿಂಕ್ಟ್ ತುರುಕಿ ತೇಪೆ ಹಾಕಬೇಡ. ಅದೇ ಮಾಲೀಕನಿಗೆ ನಿಜವಾಗಿಯೂ 5 ಎಕರೆಯ ಎರಡು ತೋಟಗಳಿದ್ದರೆ ಒಂದು ಲೆಕ್ಕದಿಂದಲೇ ಮಾಯ.

ಮಾಲೀಕ_ಐಡಿ, ಜಮೀನು_ಐಡಿ ಎರಡೂ ಸೇರಿ ಪ್ರೈಮರಿ ಕೀ ಆಗಲಿ. ಒಂದೊಂದೂ ತನ್ನ ಟೇಬಲ್‌ಗೆ ಫಾರಿನ್ ಕೀ (ಅಲ್ಲಿರುವ ಐಡಿಯನ್ನೇ ಒಪ್ಪುವ ಕೊಂಡಿ). ಯಾರಿಗೆ ಎಷ್ಟು ಪಾಲು ಎಂಬ ಕಾಲಂ ಕೀ ಒಳಗೆ ಬೇಡ. ಸೇರಿಸಿದರೆ ಒಂದೇ ಜೋಡಿ ಬೇರೆ ಬೇರೆ ಪಾಲಿನೊಂದಿಗೆ ಮತ್ತೆ ನುಸುಳುತ್ತದೆ. (ಜಮೀನು ಟೇಬಲ್‌ನಲ್ಲಿ ಸರ್ವೇ ನಂಬರನ್ನು ಕೀ ಮಾಡುವ ಯೋಚನೆಯನ್ನೂ ಬಿಡು. ಅದೇ ನಂಬರ್ ಪಕ್ಕದ ಗ್ರಾಮದಲ್ಲೂ ಇರುತ್ತದೆ, ಪೋಡಿಯಾಗಿ ಜಮೀನು ಭಾಗವಾದರೆ ಬದಲಾಗುತ್ತದೆ.)

ಕಾಲಂಗಳ ಕ್ರಮವೂ ಮುಖ್ಯ, ಡೇಟಾಬೇಸ್ ಕೀಯ ಇಂಡೆಕ್ಸನ್ನು (ಬೇಗ ಹುಡುಕಲು ಜೋಡಿಸಿದ ಪಟ್ಟಿ) ಅದೇ ಕ್ರಮದಲ್ಲಿ ಕಟ್ಟುತ್ತದೆ. ಮಾಲೀಕ_ಐಡಿ ಮೊದಲಿದ್ದರೆ ಒಬ್ಬರ ತೋಟಗಳು ಥಟ್ಟನೆ ಸಿಗುತ್ತವೆ. ಒಂದು ತೋಟದ ಮಾಲೀಕರನ್ನು ಹುಡುಕುವುದು ಮಾತ್ರ ಮನೆಹೆಸರಿನ ಪ್ರಕಾರ ಜೋಡಿಸಿದ ಪಟ್ಟಿಯಲ್ಲಿ ಬರೀ ಸ್ವಂತ ಹೆಸರು ಹಿಡಿದು ತಡಕಾಡಿದ ಹಾಗೆ. ಅದಕ್ಕೆ ಜಮೀನು_ಐಡಿ ಮೊದಲು, ಮಾಲೀಕ_ಐಡಿ ಆಮೇಲೆ ಇರುವ ಇನ್ನೊಂದು ಇಂಡೆಕ್ಸ್ ಹಾಕು. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಇನ್ನೋಡಿಬಿ ಎಂಜಿನ್ ಫಾರಿನ್ ಕೀ ಕಾಲಂಗೆ ಇಂಡೆಕ್ಸ್ ಇಲ್ಲದಿದ್ದರೆ ತಾನೇ ಕಟ್ಟಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಕಟ್ಟುವುದಿಲ್ಲ, ನೀನು ಮರೆತರೆ ಒಂದು ಜಮೀನು ಅಳಿಸಿದಾಗಲೆಲ್ಲ ಇಡೀ ಟೇಬಲ್ ಜಾಲಾಡುತ್ತದೆ.

ಐಡಿ ಬೇಡವೇ ಬೇಡ ಎನ್ನುತ್ತಿಲ್ಲ. ನಾಳೆ ಸಾಲದ ಟೇಬಲ್ ಈ ಟೇಬಲ್‌ನ ರೋ ಒಂದನ್ನೇ ಬೊಟ್ಟು ಮಾಡುವುದಾದರೆ, ಅಥವಾ ಜ್ಯಾಂಗೊ (ಪೈಥಾನ್‌ನ ವೆಬ್ ಚೌಕಟ್ಟು) 5.2ಕ್ಕಿಂತ ಹಳೆಯದಾಗಿದ್ದರೆ (ಅದರಲ್ಲಿ ಜೋಡಿ ಕೀ ಇಲ್ಲ), ಐಡಿ ಇಟ್ಟುಕೋ. ಜೋಡಿಗೆ ಯೂನಿಕ್ (ಮರುಕಳಿಸಬಾರದೆಂಬ ಕಟ್ಟಳೆ) ಮಾತ್ರ ತಪ್ಪಿಸಬೇಡ, ಎರಡೂ ಕಾಲಂಗೆ ನಾಟ್ ನಲ್ (ಖಾಲಿ ಬಿಡಬಾರದು) ಹಾಕು. ನಲ್ ಇದ್ದರೆ ಯೂನಿಕ್ ಕಣ್ಣು ಮುಚ್ಚಿಕೊಳ್ಳುತ್ತದೆ. ಮಾರಿದ ಪಾಲನ್ನು ಅವರೇ ಮತ್ತೆ ಕೊಂಡ ಚರಿತ್ರೆಯೂ ಬೇಕೆಂದರೆ ಆರಂಭ_ದಿನಾಂಕ ಕೀಯ ಮೂರನೇ ಕಾಲಂ ಆಗಲಿ.

ಈಗಾಗಲೇ ತುಂಬಿದ ಟೇಬಲ್ ತಾನೇ? ಮೊದಲು ಜೋಡಿಯ ಮೇಲೆ ಗ್ರೂಪ್ ಬೈ ಮಾಡಿ (ಒಂದೇ ಜೋಡಿಯವನ್ನು ಗುಂಪಾಗಿಸಿ), ಕೌಂಟ್ 1ಕ್ಕಿಂತ ಹೆಚ್ಚಿರುವುದನ್ನು ಹೆಕ್ಕು. ನಕಲು ಉಳಿದಿದ್ದರೆ ಹೊಸ ಕೀ ಕೂರುವುದೇ ಇಲ್ಲ. 118, 119ರ ಪಾಲು ಒಂದೇ ಆಗಿದ್ದರೆ ಒಂದನ್ನು ಅಳಿಸು. ಬೇರೆಯಾಗಿದ್ದರೆ ಪಹಣಿ ನೋಡದೆ ಕೈ ಹಾಕಬೇಡ.

ಇಂತಿ,
ದೊಡ್ಡಪ್ಪ